ಕರಿ ಉಣ್ಣೆಯ ಮೂವತ್ತು ಮಾರು

ದರಿಬಡಚಿಯ ಶಿದ್ರಾಯ ಎಲ್ಲಿಗೆ ಹೊರಟರೂ ಎಲ್ಲರಿಗಿಂತ ಹಿಂದೆ ನಡೆಯುತ್ತಾನೆ. ಮದುವೆಯ ಮೆರವಣಿಗೆಯಾಗಲಿ, ಮಣ್ಣಿಗೆ ಹೊರಟ ಮಂದಿಯಾಗಲಿ, ಜತ್ತದ ಬಾಜಾರಕ್ಕೆ ಹೋಗುವ ನಾಲ್ಕು ಜನರಾಗಲಿ, ಕಟ್ಟಕಡೆಗೆ ಅವನೇ. ಕೈಯಲ್ಲಿ ಉಣ್ಣೆ ನೂಲುವ ತಕಲಿ ತಿರುಗುತ್ತಿರುತ್ತದೆ, ತುಟಿ ಸಣ್ಣಗೆ ಅಲುಗುತ್ತಿರುತ್ತದೆ. ಗೊತ್ತಿಲ್ಲದವರು ದೇವರ ಹೆಸರು ಹೇಳುತ್ತಿದ್ದಾನೆಂದು ತಿಳಿಯುತ್ತಾರೆ. ದೇವರೂ ಇಲ್ಲ, ದಿಂಡರೂ ಇಲ್ಲ; ಅವನು ಮುಂದಿರುವವರ ತಲೆ ಎಣಿಸುತ್ತಿರುತ್ತಾನೆ.

ನಾನು ಸರದಾರ, ಅದೇ ಊರಿನ ಟೇಲರ್. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕುಳಿತಿರುತ್ತದೆ ಎಂದು ನನ್ನ ಹೆಂಡತಿ ದಿಲಶಾದ ಹೇಳುತ್ತಾಳೆ, ಅದು ಸುಳ್ಳಲ್ಲ. ಶಿದ್ರಾಯನ ಈ ಎಣಿಕೆ ನೋಡಿ ಎಷ್ಟೋ ಸಲ ನನಗೆ ರೇಗಿಹೋಗಿದೆ. ಬಸ್ಸು ಹೊರಡುವ ಹೊತ್ತಿಗೆ ಕೆಳಗೆ ನಿಂತು ಎಣಿಸುವವನು ಅವನು, ಕಂಡಕ್ಟರನ ಕೈಯಲ್ಲಿ ಬೈಸಿಕೊಳ್ಳುವವನು ನಾನು. ಆದರೂ ಬಾಯಿ ಬಿಟ್ಟು ಅಂದವನಲ್ಲ. ಅವನು ಯಾಕೆ ಎಣಿಸುತ್ತಾನೆ ಎನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿದೆ.

ತೊಂಬತ್ತೆರಡರಲ್ಲಿ ಶಿದ್ರಾಯ ಮತ್ತು ಅವನ ಅಣ್ಣ ಗೊಲ್ಲಾಳಪ್ಪ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೋಗಿದ್ದರು. ವರ್ಷವೂ ಹೋಗುವ ದಾರಿಯೇ. ತಿರುಗಿ ಬರುವಾಗ ಒಂದು ಹಳ್ಳದ ಹತ್ತಿರ ಕುರಿಯೊಂದು ಈಯಲು ನಿಂತಿತು. ಗೊಲ್ಲಾಳಪ್ಪ ಅದರ ಜೊತೆ ಉಳಿದ. ಶಿದ್ರಾಯ ಹಿಂಡಿನ ಮುಂದಿದ್ದ. ಮೋಡ ಕಟ್ಟಿತ್ತು. ಅಣ್ಣ ಹೇಗೂ ಮುಂದಿನ ಬೀಡಿಗೆ ಬಂದು ಸೇರುತ್ತಾನೆಂದು ನಡೆದೇಬಿಟ್ಟ. ಕುರಿಗಾರರಲ್ಲಿ ಒಂದು ಕಟ್ಟಳೆಯಿದೆ. ಜೊತೆ ತಪ್ಪಿದವನು ತಪ್ಪಿದ ಜಾಗ ಬಿಟ್ಟು ಕದಲಬಾರದು, ಮುಂದೆ ಹೋದವರೇ ತಿರುಗಿ ಬಂದು ಅವನನ್ನು ಕರೆದೊಯ್ಯಬೇಕು. ಗೊಲ್ಲಾಳಪ್ಪ ಕಟ್ಟಳೆಯಂತೆ ಅಲ್ಲೇ ಕುಳಿತ. ಶಿದ್ರಾಯ ತಿರುಗಿ ಹೋದದ್ದು ಮೂರನೆಯ ದಿನ. ಅಷ್ಟರಲ್ಲಿ ಹಾವು ಕಚ್ಚಿ ಅಣ್ಣ ಸತ್ತುಹೋಗಿದ್ದ. ಅವನ ಕಂಬಳಿಯೊಳಗೆ ಮರಿ ಮಾತ್ರ ಬೆಚ್ಚಗೆ ಮಲಗಿತ್ತು. ಕಚ್ಚಿದ್ದು ಹಿಂದಿನ ಸಂಜೆಯಷ್ಟೇ ಎಂದು ನೋಡಿದವರು ಹೇಳಿದರು. ಅಂದರೆ ಎರಡನೆಯ ದಿನ ಮಧ್ಯಾಹ್ನ ಹೋಗಿದ್ದರೂ ಅವನು ಬದುಕಿರುತ್ತಿದ್ದ.

ಅವರ ತಂದೆ ಭರಮಣ್ಣ ನಮ್ಮ ಸೀಮೆಗೆಲ್ಲ ಹೆಸರಾದ ಡೊಳ್ಳಿನವನು. ದೊಡ್ಡ ಮಗನ ಮಣ್ಣು ಮಾಡಿದ ದಿನದಿಂದ ಅವನು ಸಣ್ಣ ಮಗನ ಜೊತೆ ಮಾತು ಬಿಟ್ಟ. ಬೈಯಲಿಲ್ಲ, ಹೊಡೆಯಲಿಲ್ಲ, ಮನೆ ಬಿಟ್ಟು ಹೋಗು ಎನ್ನಲಿಲ್ಲ. ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದ, ಅಷ್ಟೇ. ಒಂದೇ ಒಲೆಯ ರೊಟ್ಟಿ ಉಂಡರು, ಒಂದೇ ಮೇಳದಲ್ಲಿ ಡೊಳ್ಳು ಬಾರಿಸಿದರು, ಮಾತು ಮಾತ್ರ ಮೂರನೆಯವರ ಬಾಯಿಂದ. ಮನೆಯಲ್ಲಿ ಆ ಕೆಲಸ ಶಿದ್ರಾಯನ ಹೆಂಡತಿ ಸಂಗವ್ವನದು, ಹೊರಗೆ ನನ್ನದು.

"ಸರದಾರ, ಅವಂಗ ಹೇಳು, ಡೊಳ್ಳಿನ ಹಗ್ಗ ಸಡಲ ಆಗೇತಿ ಅಂತ," ಎನ್ನುತ್ತಿದ್ದ ಭರಮಣ್ಣ ಕಾಕಾ. ಶಿದ್ರಾಯ ಅಲ್ಲೇ ಕೈಗೆಟುಕುವಷ್ಟು ಹತ್ತಿರ ನಿಂತಿರುತ್ತಿದ್ದ. ನಾನು ಗೋಣು ಅತ್ತ ತಿರುಗಿಸಿ, "ಹಗ್ಗ ಸಡಲ ಆಗೇತಂತ ನೋಡಪಾ," ಎನ್ನಬೇಕು. ಹನ್ನೊಂದು ವರ್ಷ ನಾನು ಈ ಅಪ್ಪ ಮಗನ ನಡುವೆ ಪೋಸ್ಟಮನ್ ಆಗಿ ದುಡಿದೆ. ಒಂದು ದಿನವೂ ರಜೆ ಸಿಗಲಿಲ್ಲ.

ಎರಡು ಸಾವಿರದ ಮೂರರಲ್ಲಿ ದೀಪಾವಳಿ ಕಳೆದ ಮೇಲೆ ನಮ್ಮ ಮೇಳಕ್ಕೆ ಜಪಾನಿನ ಒಸಾಕಾ ಶಹರದಿಂದ ಕರೆ ಬಂತು. ನಮ್ಮದು ಧನಗರರ, ಅಂದರೆ ಕುರಿಗಾರರ, ಗಜಾ ಕುಣಿತ. ಮೊಣಕಾಲಿನ ಕೆಳಗೆ ಇಳಿಯುವ ಬಿಳಿ ಅಂಗಿ, ಕೈಯಲ್ಲಿ ಬಣ್ಣದ ಕರವಸ್ತ್ರ, ನಡುವೆ ಡೊಳ್ಳು. ಆ ಅಂಗಿ ಹೊಲಿಯುವವನು ನಾನು, ಹತ್ತು ಜನರ ಮೇಳದಲ್ಲಿ ಹಿಂದಿ ನೆಟ್ಟಗೆ ಬರುವವರು ಯಾರೂ ಇರಲಿಲ್ಲ, ಹೀಗಾಗಿ ಹನ್ನೊಂದನೆಯವನಾಗಿ ನಾನೂ ಹೊರಟೆ. ಅಲ್ಲಿ ನಮ್ಮನ್ನು ನೋಡಿಕೊಳ್ಳಲು ಸಚಿಕೊ ಎಂಬ ಕಾಲೇಜು ಹುಡುಗಿಯನ್ನು ಕೊಟ್ಟಿದ್ದರು. ಆಕೆ ಹಿಂದಿ ಕಲಿತವಳು. ಅವಳ ಹಿಂದಿ ರೇಡಿಯೋ ವಾರ್ತೆಯಷ್ಟು ಶುದ್ಧ, ನನ್ನ ಹಿಂದಿ ಜತ್ತ ಸ್ಟ್ಯಾಂಡಿನದು. ಹೇಗೋ ಹೊಂದಿಕೆಯಾಯಿತು.

ಕೊನೆಯ ದಿನ ಸಂಜೆ ಆರಕ್ಕೆ ದೊಡ್ಡ ಆಟವಿತ್ತು. ಮುಂಜಾನೆ ಸಚಿಕೊ ನಮ್ಮನ್ನು ಊರು ತೋರಿಸಲು ನಡೆಸಿಕೊಂಡು ಹೊರಟಳು. ಮೊದಲು ಕೋಟೆ, ಅಲ್ಲಿಂದ ಹಳೆಯ ಓಣಿಗಳು, ಆಮೇಲೆ ಶಿತೆನ್ನೋಜಿ ಎಂಬ ಪುರಾತನ ಗುಡಿ, ಕಡೆಗೆ ತ್ಸೂತೆನ್‌ಕಾಕು ಎಂಬ ಕಬ್ಬಿಣದ ಗೋಪುರ. ಎಲ್ಲರ ಕೈಗೂ ಗೋಪುರದ ಚಿತ್ರವಿರುವ ಒಂದೊಂದು ಕಾರ್ಡು ಕೊಟ್ಟಳು. ಯಾರಾದರೂ ತಪ್ಪಿಸಿಕೊಂಡರೆ ಈ ಕಾರ್ಡು ತೋರಿಸಿ ಗೋಪುರದ ಬುಡಕ್ಕೆ ಬರಬೇಕು, ಎಲ್ಲರೂ ಅಲ್ಲಿ ಕಾಯುತ್ತೇವೆ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ಗೋಣು ಹಾಕಿದರು, ಭರಮಣ್ಣ ಕಾಕಾನೂ ಹಾಕಿದ. ಗೋಣು ಹಾಕುವುದೇ ಬೇರೆ, ಒಪ್ಪುವುದೇ ಬೇರೆ ಎನ್ನುವುದು ಅಳತೆ ಕೊಡಲು ಬರುವ ಗಿರಾಕಿಗಳಿಂದಲೇ ನನಗೆ ಗೊತ್ತಿರಬೇಕಿತ್ತು.

ಕೋಟೆಯ ಗೋಡೆಯ ಒಂದೊಂದು ಕಲ್ಲೂ ನಮ್ಮ ಮನೆಯಷ್ಟು ದೊಡ್ಡದು. ನಮ್ಮ ಮೇಳದಲ್ಲಿ ಕುಣಿಯುವ ಬೀರದೇವ ಕಂದಕ ನೋಡಿ, "ನಮ್ಮ ಕೆರಿ ಇದರಾಗ ಹಾಕಿದ್ರ ಬಚ್ಚಲ ನೀರಿನಷ್ಟ ಆಗತೈತಿ ನೋಡ್ರಿ," ಎಂದ. ಎಲ್ಲರೂ ನಕ್ಕರು. ಶಿದ್ರಾಯ ನಗಲಿಲ್ಲ, ಎಣಿಸುತ್ತಿದ್ದ. ತಕಲಿ ಇಲ್ಲಿಯೂ ಬಿಟ್ಟಿರಲಿಲ್ಲ. ಜಪಾನಿನ ಮಂದಿ ನಿಂತು ಫೋಟೋ ಹೊಡೆದುಕೊಂಡರು, ಅವನ ಕೈ ನಿಲ್ಲಲಿಲ್ಲ.

ಹಳೆಯ ಓಣಿಗಳು ಇಬ್ಬರು ಜೊತೆಯಲ್ಲಿ ನಡೆಯುವಷ್ಟು ಅಗಲ, ಕಟ್ಟಿಗೆಯ ಮನೆಗಳು, ಬಾಗಿಲಲ್ಲಿ ಹೂವಿನ ಕುಂಡಗಳು. ಅಂಥದೊಂದು ಓಣಿ ಮುಗಿಯುತ್ತ ಬಂದಾಗ ಶಿದ್ರಾಯನ ಬಿಳಿ ಉಣ್ಣೆ ತೀರಿತು. ಭರಮಣ್ಣ ಕಾಕಾ ನೋಡಿದ. ತನ್ನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕರಿ ಉಣ್ಣೆ ತೆಗೆದು, "ಸರದಾರ, ಇದನ್ನ ಅವಂಗ ಕೊಡು," ಎಂದ. ಕೊಟ್ಟೆ. ಶಿದ್ರಾಯ ನಿಲ್ಲದೆಯೇ ಬಿಳಿಯ ತುದಿಗೆ ಕರಿಯನ್ನು ಹೊಸೆದ. ನಾವು ಓಣಿಯಿಂದ ದೊಡ್ಡ ರಸ್ತೆಗೆ ಬಂದೆವು. ಆಮೇಲೆ ಮುದುಕನನ್ನು ಯಾರೂ ನೋಡಲಿಲ್ಲ.

ಗುಡಿಯ ಬಾಗಿಲಲ್ಲಿ ಹನ್ನೆರಡೂವರೆ. ಅಲ್ಲಿ ಶಿದ್ರಾಯನ ತಕಲಿ ಒಮ್ಮೆಲೇ ನಿಂತಿತು.

"ಸರದಾರಭಾಯಿ, ನನ್ನ ಬಿಟ್ಟ ಹತ್ತ ಮಂದಿ ಇರಬೇಕು. ಒಂಬತ್ತ ಅದಾರ."

ದಾರಿಯಲ್ಲಿ ಗುಂಪು ಹರಿದು ಹಂಚಿಹೋಗಿತ್ತು, ವಾಹನಗಳ ಗದ್ದಲಕ್ಕೆ ಅವನ ಎಣಿಕೆ ಮತ್ತೆ ಮತ್ತೆ ತಪ್ಪಿತ್ತಂತೆ. ಸಚಿಕೊ ಫೋನು ಹಚ್ಚಿದಳು, ಪೊಲೀಸರಿಗೆ ತಿಳಿಸಿದಳು. ಅಜ್ಜನ ಹತ್ತಿರ ಕಾರ್ಡಿದೆ, ಗೋಪುರಕ್ಕೆ ಬಂದೇ ಬರುತ್ತಾರೆ ಎಂದು ಎಲ್ಲರನ್ನೂ ಗೋಪುರಕ್ಕೆ ಕರೆದೊಯ್ದಳು. ಎರಡು ಗಂಟೆಯವರೆಗೆ ಕಾದೆವು. ಅಷ್ಟೆತ್ತರದ ಗೋಪುರವನ್ನು ನಮ್ಮವರು ಯಾರೂ ತಲೆಯೆತ್ತಿ ನೋಡಲಿಲ್ಲ. ಸಣ್ಣಗೆ ಮಳೆ ಹನಿಯತೊಡಗಿತು.

"ಅಪ್ಪ ಇಲ್ಲಿಗಿ ಬರಾಂಗಿಲ್ಲ," ಎಂದ ಶಿದ್ರಾಯ. "ತಪ್ಪಿದಲ್ಲೇ ಕುಂತಿರತಾನ, ಕದಲಾಂಗಿಲ್ಲ. ಮುಂಜಾನಿ ಶುಗರಿನ ಗುಳಿಗಿ ನುಂಗ್ಯಾನ ಭಾಯಿ, ಈಟೊತ್ತಾದರೂ ಹೊಟ್ಟಿಗಿ ಏನೂ ಬಿದ್ದಿಲ್ಲ."

ಅದು ನನಗೆ ಹೊಳೆದಿರಲಿಲ್ಲ. ಗುಳಿಗೆ ನುಂಗಿ ಊಟ ತಪ್ಪಿದರೆ ಕಾಕಾನಿಗೆ ಬೆವರು ಕಿತ್ತುಕೊಂಡು ಬರುತ್ತದೆ, ಪ್ರಜ್ಞೆ ಹೋಗುತ್ತದೆ. ಊರಲ್ಲಿ ಎರಡು ಸಲ ಆಗಿತ್ತು, ಸಂಗವ್ವ ಬೆಲ್ಲ ತಿನ್ನಿಸಿ ಉಳಿಸಿದ್ದಳು. ಇಲ್ಲಿ ಯಾರು ತಿನ್ನಿಸಬೇಕು?

"ಆವಾಗೂ ನಾ ಮುಂದ ಹೋಗಿ ಕಾದೆ," ಎಂದ ಶಿದ್ರಾಯ.

ನಾನು ಸಚಿಕೊಗೆ ಹೇಳಿದೆ. ಆಕೆ ಒಪ್ಪಲಿಲ್ಲ. ಪೊಲೀಸರು ಹುಡುಕುತ್ತಿದ್ದಾರೆ, ನೀವಿಬ್ಬರೂ ಕಳೆದುಹೋದರೆ ನಾನೇನು ಮಾಡಲಿ ಎಂದಳು. ನನ್ನ ಮೂಗಿನ ತುದಿಯದು ನೆತ್ತಿಗೇರಿತು. ಜತ್ತ ಸ್ಟ್ಯಾಂಡಿನ ಹಿಂದಿಯಲ್ಲಿ ಕೂಗಾಡಿಬಿಟ್ಟೆ. ಕೂಗಿದ ಮೇಲೆ ನೋಡಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ನನಗೇ ನಾಚಿಕೆಯಾಯಿತು. ಆಕೆ ಒಂದು ಚೀಟಿಯಲ್ಲಿ ಆಟದ ಜಾಗ, ತನ್ನ ನಂಬರು ಬರೆದುಕೊಟ್ಟು, ನಾಲ್ಕೂವರೆಗೆ ಗುಡಿಯ ಬಾಗಿಲಲ್ಲಿ ಇರಲೇಬೇಕು ಎಂದಳು.

ನಾವಿಬ್ಬರೂ ಓಡುತ್ತ ಗುಡಿಯ ಬಾಗಿಲಿಗೆ ಬಂದೆವು. ದೊಡ್ಡ ರಸ್ತೆ ನೆಟ್ಟಗೆ ಬಿದ್ದಿತ್ತು. ಆದರೆ ಅದರ ಮಗ್ಗುಲಿಗೆ ಓಣಿ ಒಂದೇ ಎರಡೇ? ಎಲ್ಲದರ ಬಾಯಿಯೂ ಒಂದೇ ತರಹ, ಫಲಕಗಳ ಅಕ್ಷರ ನಮಗೆ ಇರುವೆ ಸಾಲು. ಕಾಕಾನನ್ನು ಕಡೆಯ ಸಲ ಕಂಡ ಓಣಿ ಯಾವುದು? ನನಗೆ ನೆನಪಿಲ್ಲ, ಅವನಿಗೂ ಇಲ್ಲ.

ಶಿದ್ರಾಯ ತಕಲಿ ತೆಗೆದ. ಅದರ ಮೇಲೆ ಸುತ್ತಿದ್ದ ಕರಿ ನೂಲನ್ನು ಬಿಚ್ಚುತ್ತ, ಎರಡೂ ಕೈ ಅಗಲಿಸಿ ಮಾರು ಹಾಕತೊಡಗಿದ. ಒಂದು, ಎರಡು, ಮೂರು. ಕೊಡೆ ಹಿಡಿದ ಮಂದಿ ಅವನನ್ನು ಸುತ್ತು ಹಾಕಿ ಹೋದರು. ಕರಿ ಮುಗಿದು ಬಿಳಿ ಬರುವಷ್ಟರಲ್ಲಿ ಮೂವತ್ತು ಮಾರು.

"ನೂರ ಹೆಜ್ಜಿಗಿ ಒಂದ ಮಾರು ನೂಲತೀನಿ. ಕರೇದು ಚಾಲೂ ಆಗಿದ್ದು ಓಣಿ ಬಾಯಾಗ, ತಕಲಿ ನಿಂತಿದ್ದು ಇಲ್ಲಿ, ಆಮ್ಯಾಲ ಮುಟ್ಟಿಲ್ಲ. ಮೂರ ಸಾವಿರ ಹೆಜ್ಜಿ ಹಿಂದಕ ಹೋಗೂಣು."

ನಾನು ಅನುಮಾನಪಡಲಿಲ್ಲ. ಸೋನ್ಯಾಳದಿಂದ ದರಿಬಡಚಿಗೆ ಎಷ್ಟು ನೂಲು, ಬಾಲಗಾಂವದಿಂದ ಎಷ್ಟು ನೂಲು ಎಂದು ಅವನು ಹೇಳುತ್ತಾನೆ, ಹೇಳಿದ್ದು ಗೇಣು ತಪ್ಪಿದ್ದಿಲ್ಲ. ಅವನು ಹೊರಟ, ಹೆಜ್ಜೆ ಎಣಿಸುತ್ತ. ಹನ್ನೊಂದು ವರ್ಷದಲ್ಲಿ ಅವನು ಇನ್ನೊಬ್ಬರಿಗಿಂತ ಮುಂದೆ ನಡೆದದ್ದನ್ನು ನಾನು ಅಂದೇ ನೋಡಿದ್ದು. ನಾನು ಓಣಿಗಳತ್ತ ಕಣ್ಣು ಹಾಯಿಸುತ್ತ ಅವನನ್ನು ಹಿಂಬಾಲಿಸಿದೆ, ಆದರೆ ಅವನ ವೇಗಕ್ಕೆ ಒಂದು ಓಣಿಯನ್ನೂ ನೆಟ್ಟಗೆ ನೋಡಲಾಗಲಿಲ್ಲ. ಮೂರು ಸಾವಿರ ಹೆಜ್ಜೆ ಮುಗಿಯುವ ಮೊದಲು ನೋಡಿ ಏನು ಪ್ರಯೋಜನ ಎಂದುಕೊಂಡೆ.

ಮೂರು ಸಾವಿರ ಮುಗಿಯಿತು. ಮಗ್ಗುಲಲ್ಲಿ ಒಂದು ಓಣಿ ಇತ್ತು. ಒಳಗೆ ಹೋದರೆ ಸಾಲಾಗಿ ನಿಂತ ಕಾರುಗಳು, ಆಚೆ ಗೋಡೆ. ಪಕ್ಕದ ಓಣಿಯಲ್ಲಿ ಒಂದು ಹೋಟೆಲಿನ ಹಿಂಬಾಗಿಲು. ಅದರ ಮುಂದಿನದರಲ್ಲಿ ಏನೂ ಇಲ್ಲ. ಐದು ಓಣಿ ನೋಡಿದೆವು, "ಕಾಕಾ, ಕಾಕಾ" ಎಂದು ಕೂಗಿ ನನ್ನ ಗಂಟಲು ಕಟ್ಟಿತು. ಶಿದ್ರಾಯ ಕೂಗಲಿಲ್ಲ, ಎಲ್ಲ ಬಾಗಿಲ ಸಂದಿಗಳಲ್ಲಿ ನೆಲ ನೋಡುತ್ತಿದ್ದ. ಯಾಕೆ ನೆಲ ನೋಡುತ್ತಿದ್ದಾನೆಂದು ನನಗೆ ತಿಳಿಯಿತು. ಮೂರನೆಯ ದಿನ ಅವನಿಗೆ ಅಣ್ಣ ಸಿಕ್ಕಿದ್ದು ನೆಲದ ಮೇಲೆ.

"ನೂಲ ಸುಳ್ಳ ಹೇಳೂದಿಲ್ಲ ಭಾಯಿ," ಎಂದ. ಮತ್ತೆ ಅದನ್ನೇ ಅಂದ. ಗಂಟೆ ಮೂರೂವರೆ ದಾಟಿತ್ತು. ನನಗೆ ಆ ನೂಲಿನ ಮೇಲೆ, ಆ ಮಳೆಯ ಮೇಲೆ, ಮಗನ ಹೆಸರು ಹಿಡಿಯದ ಆ ಮುದುಕನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೆದರಿಕೆ ಇತ್ತು. ಊರಿಗೆ ಹೋಗಿ ಸಂಗವ್ವನಿಗೆ ಏನು ಹೇಳಲಿ?

ರಸ್ತೆ ದಾಟಿ ಆಚೆ ಬದಿಯನ್ನೂ ನೋಡೋಣವೆಂದು ಸಿಗ್ನಲ್ಲಿಗೆ ಬಂದೆವು. ಕೆಂಪು ದೀಪ. ಒಂದು ವಾಹನವೂ ಬರದಿದ್ದರೂ ಆ ಊರಿನ ಮಂದಿ ಕದಲುವುದಿಲ್ಲ, ನಾವೂ ನಿಂತೆವು. ನಾನು ಸುಮ್ಮನೆ ಶಿದ್ರಾಯನ ಕಡೆ ನೋಡಿದೆ. ಅವನ ಕಣ್ಣು ಎಲ್ಲೋ ನೆಟ್ಟಿತ್ತು. ಕೈ ಮಾತ್ರ ರೂಢಿಯಂತೆ ಉಳಿದ ಕರಿ ಉಣ್ಣೆಯನ್ನು ಎಳೆಯುತ್ತಿತ್ತು, ತಕಲಿ ಗರಗರ ತಿರುಗುತ್ತಿತ್ತು.

"ಶಿದ್ರಾಯ, ನಿನ್ನ ಕೈ ನೋಡು."

ನೋಡಿದ.

"ಕಾಲು ನಿಂತಾವ. ಕೈ ನಿಂತಿಲ್ಲಲ್ಲೋ."

ಅವನು ತಕಲಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದ. ನಮ್ಮ ದಾರಿಯಲ್ಲಿ ಯಾವ ಕೆಂಪು ದೀಪ? ಅಲ್ಲಿ ಕುರಿ ನಡೆದರೆ ಕುರಿಗಾರ ನಡೆಯುತ್ತಾನೆ, ಕುರಿ ನಿಂತರೆ ಅದು ಬೀಡು, ತಕಲಿ ಚೀಲ ಸೇರುತ್ತದೆ. ನಡುದಾರಿಯಲ್ಲಿ ಸುಮ್ಮನೆ ನಿಲ್ಲುವ ಪ್ರಸಂಗವೇ ಇಲ್ಲ. ಹುಟ್ಟಿದಾಗಿನಿಂದ ಅವನ ನೂಲಿಗೂ ಹೆಜ್ಜೆಗೂ ಇದ್ದ ಲೆಕ್ಕ ಈ ಊರಲ್ಲಿ ಕೆಟ್ಟಿತ್ತು.

"ಓಣಿ ಬಿಟ್ಟಮ್ಯಾಲ ಗುಡಿತನಕ ಎಷ್ಟ ದೀಪಕ್ಕ ನಿಂತಿದ್ವಿ ಮುಂಜಾನಿ?" ಎಂದು ಕೇಳಿದ.

ಇಬ್ಬರೂ ಬೆರಳು ಮಡಚಿದೆವು. ಹೂವಿನ ಅಂಗಡಿಯ ಹತ್ತಿರ ಒಂದು, ಬೀರದೇವ ಸೀನಿದಲ್ಲಿ ಒಂದು, ಶಾಲೆಯ ಹುಡುಗಿಯರು ಕೈ ಬೀಸಿದಲ್ಲಿ ಒಂದು. ಏಳು ಬಂತು. ನಿಂತಲ್ಲೇ ನೂತದ್ದು ಒಂದೊಂದಕ್ಕೆ ಒಂದು ಮಾರು ಹಿಡಿದರೂ ಏಳು ನೂರು ಹೆಜ್ಜೆ ನಾವು ದಾಟಿ ಬಂದಿದ್ದೆವು. ಕಾಕಾ ಇರುವ ಓಣಿಯ ಮುಂದೆಯೇ ಹಾದು ಬಂದಿದ್ದೆವು!

ತಿರುಗಿ ಓಡಿದೆವು. ಈ ಸಲ ನಾನೂ ಎಣಿಸಿದೆ. ನಾಲ್ಕು ನೂರು, ಐದು ನೂರು. ಆರು ನೂರ ನಲವತ್ತಕ್ಕೆ ನನ್ನ ಉಸಿರು ಸಿಕ್ಕಿಕೊಂಡಿತು, ಎಣಿಕೆ ತಪ್ಪಿತು. ಆಗ ಲಾರಿಗಳ ಸದ್ದಿನ ನಡುವೆ ಒಂದು ಕೂಗು ಕೇಳಿಸಿತು.

"ಶಿದ್ರಾಯಾ!"

ಹಳ್ಳದಾಚೆಯ ಹಿಂಡನ್ನು ಕರೆಯುವ ದನಿ ಅದು. ಶಿದ್ರಾಯ ನಿಂತ. ನೋಡುವ ಬದಲು ಕಣ್ಣು ಮುಚ್ಚಿಕೊಂಡ. ಇನ್ನೊಮ್ಮೆ ಕೂಗು ಬಂತು. ಆಗ ಅವನು ಓಣಿಯೊಳಗೆ ನುಗ್ಗಿದ.

ಹದಿನೈದು ಹೆಜ್ಜೆ ಒಳಗೆ, ಮನೆಗೋಡೆಯ ಗೂಡಿನಲ್ಲಿ, ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ ಸಣ್ಣ ಕಲ್ಲು ದೇವರು. ಅದರ ಹಣೆಗೆ ನಮ್ಮ ಅರಿಷಿಣದ ಭಂಡಾರ ಬಳಿದಿತ್ತು. ಭಂಡಾರದ ಚೀಲವಿಲ್ಲದೆ ಕಾಕಾ ಹೊಲಕ್ಕೂ ಹೋಗುವವನಲ್ಲ. ಉಣ್ಣೆ ಕೊಟ್ಟ ಮೇಲೆ ಈ ಕಲ್ಲು ಕಂಡಿದೆ, ಚಪ್ಪಲಿ ಬಿಟ್ಟು ಕೈ ಮುಗಿದಿದ್ದಾನೆ, ತಿರುಗಿದರೆ ನಾವಿಲ್ಲ. ಅಲ್ಲೇ ಕುಳಿತಿದ್ದಾನೆ. ಎದುರು ಮನೆಯ ಮುದುಕಿಯೊಬ್ಬಳು ಅವನಿಗೆ ಸ್ಟೂಲು ಹಾಕಿ, ತಾನೂ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದಳು. ಅವನ ತೊಡೆಯ ಮೇಲೆ ಅರ್ಧ ತಿಂದ ಅನ್ನದ ಉಂಡೆ, ಕಾಲ ಬಳಿ ಚಹಾದ ಬಟ್ಟಲು. ಬದುಕಿದ್ದ. ನನಗೆ ಅಳು ಬಂತು, ಹೇಳಲು ನಾಚಿಕೆಯಿಲ್ಲ. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

"ಕಾಕಾ, ಆಗಳೇ ಈ ಓಣಿ ಮುಂದ ಹಾದು ಹೋದ್ವಿ, ನೋಡಲಿಲ್ಲೇನ್ರಿ?"

"ನೋಡಿದೆ."

"ನೋಡಿ ಸುಮ್ಮ ಕುಂತ್ರಿ? ಕರೀಲಿಲ್ಲ ಯಾಕ?"

ಅವನು ನನ್ನ ಕಡೆ ನೋಡಲೇ ಇಲ್ಲ. ಮುಂದೆ ಮಂಡಿಯೂರಿದ ಮಗನ ಮುಖ ನೋಡಿದ.

"ಬಾಯಿ ತೆರದ್ನೆಪಾ. ನಿನ್ನ ಹೆಸರ ಬರಲಿಲ್ಲ. ಹನ್ನೊಂದು ವರ್ಷ ಕರದಿಲ್ಲ, ಗಂಟಲದಾಗ ಸಿಕ್ಕೊಂತು. ನೀ ದಾಟಿ ಹೋಗಿಬಿಟ್ಟಿ. ಅಂವನೂ ಹ್ವಾದ, ಇಂವನೂ ಹ್ವಾದ ಅಂತ ಕುಂತೆ."

"ನನ್ನರೆ ಕರೀಬೇಕಿಲ್ಲೇನ್ರಿ?" ಎಂದೆ ನಾನು.

"ಬಾಯಾಗ ಇದ್ದದ್ದು ಇಂವನ ಹೆಸರು, ಸರದಾರ. ನಿನ್ನ ಹೆಸರು ನೆನಪಾಗಲಿಲ್ಲ."

ಶಿದ್ರಾಯ ಅಪ್ಪನ ಎರಡೂ ಪಾದ ಹಿಡಿದುಕೊಂಡು ತಿಕ್ಕುತ್ತಿದ್ದ. ಪಾದ ತಣ್ಣಗಾಗಿದ್ದವು. ಕಡೆಗೆ ತಲೆ ಎತ್ತದೆಯೇ, "ಮತ್ತ ಈಗ ಹ್ಯಾಂಗ ಬಂತಪಾ?" ಎಂದ.

"ನೀ ಮತ್ತ ಬರತಿ ಅಂತ ಗೊತ್ತಿತ್ತು. ಅಷ್ಟರಾಗ ರೂಢಿ ಮಾಡ್ಕೋಬೇಕಂತ ಕುಂತಲ್ಲೇ ಸಣ್ಣಗ ಕರಕೋಂತ ಕುಂತೆ."

ಆ ಮುದುಕಿ ಇಷ್ಟು ಹೊತ್ತು ನಮ್ಮನ್ನೇ ನೋಡುತ್ತಿದ್ದಳು. ಕೊಡೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡು, ಬಗ್ಗಿ, ಶಿದ್ರಾಯನ ಭುಜ ಮುಟ್ಟಿದಳು. ಹೌದೋ ಅಲ್ಲವೋ ಎಂದು ನನ್ನ ಮುಖ ನೋಡುತ್ತ, ಒಂದೊಂದೇ ಅಕ್ಷರ ಜೋಡಿಸಿ ಕೇಳಿದಳು:

"ಶಿ-ದೊ-ರಾ-ಯಾ?"

ನಾನು ಹೌದೆಂದು ಗೋಣು ಹಾಕಿದೆ.